ಕೆರೆ ಏರಿಯ ಮೇಲೊಂದು ಬಿಡಾರ

ಬೆಂಗಳೂರಿಗೆ ಪೂರ್ವದ ಬಾಗಿಲು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಟಿನ್ ಫ್ಯಾಕ್ಟರಿ ಎನ್ನುತ್ತೇನೆ. ಕಾರ್ಖಾನೆಯ ಹೆಸರು ಬಸ್ ಸ್ಟಾಪಿಗೆ ಅಂಟಿ ಎಷ್ಟೋ ಕಾಲವಾಯಿತು. ಹಳೇ ಮದ್ರಾಸು ರಸ್ತೆ ಹೊರವರ್ತುಲ ರಸ್ತೆಯನ್ನು ಕೂಡುವ ಈ ಜಾಗದಲ್ಲಿ ಕೋಲಾರ, ಮುಳಬಾಗಿಲು, ಚಿಂತಾಮಣಿ, ತಿರುಪತಿ ಎಂದು ಕೂಗುವ ಕಂಡಕ್ಟರುಗಳ ದನಿ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. 2003ರಲ್ಲಿ ಕೆ.ಆರ್. ಪುರದ ತೂಗುಸೇತುವೆ ಬಂತು. 2023ರ ಅಕ್ಟೋಬರಿನಲ್ಲಿ ಬೆನ್ನಿಗಾನಹಳ್ಳಿ ಮೆಟ್ರೊ ನಿಲ್ದಾಣ ಬಂತು. ಊರು ಮೇಲಕ್ಕೆ ಮೇಲಕ್ಕೆ ಏರಿತು. ಇಷ್ಟೆಲ್ಲದರ ಪಕ್ಕದಲ್ಲಿ, ಅವಸರದಲ್ಲಿ ಇರುವವರ ಕಣ್ಣಿಗೆ ಬೀಳದ ಹಾಗೆ, ಬೆನ್ನಿಗಾನಹಳ್ಳಿ ಕೆರೆ ಉಳಿದುಕೊಂಡಿದೆ.

ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗಳು ಮುಚ್ಚುತ್ತವೆ. ಆಗ ಟಿನ್ ಫ್ಯಾಕ್ಟರಿಯಲ್ಲಿ ನಿಂತು ನೋಡಿದರೆ ಮೂರು ಬಗೆಯ ಮಕ್ಕಳು ಕಾಣುತ್ತಾರೆ. ಕೋಲಾರದ ಬಸ್ಸಿನ ಕಿಟಕಿಗೆ ಬ್ಯಾಗು ತೂರಿಸಿ ಸೀಟು ಹಿಡಿಯುವವರು ಅಜ್ಜಿಯ ಊರಿಗೆ ಹೊರಟವರು. ಹಳದಿ ವ್ಯಾನಿನಲ್ಲಿ ಒಂದೇ ಬಣ್ಣದ ಟೀ ಶರ್ಟು ತೊಟ್ಟು ಕೂತವರು ಬೇಸಿಗೆ ಶಿಬಿರಕ್ಕೆ ಹೊರಟವರು. ಇನ್ನು ಮೂರನೆಯವರು ಎಲ್ಲಿಗೂ ಹೊರಡದವರು. ಕಟ್ಟಡದ ಕೆಲಸಕ್ಕೆ ಬಂದವರ, ಹೂವು ಹಣ್ಣು ಮಾರುವವರ, ಮನೆಗೆಲಸಕ್ಕೆ ಹೋಗುವವರ ಮಕ್ಕಳು ಅವರು. ರಜೆ ಅವರಿಗೂ ಇದೆ. ರಜೆಯಲ್ಲಿ ಹೋಗಲು ಜಾಗ ಮಾತ್ರ ಇಲ್ಲ. ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಕೂರಿಸಿಕೊಂಡು ಅವರು ವ್ಯಾನನ್ನೂ ಬಸ್ಸನ್ನೂ ನೋಡುತ್ತಾ ನಿಂತಿರುತ್ತಾರೆ.

ಈ ಮೂರನೆಯ ಮಗುವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನಾನು ಶಿಬಿರಗಳ ಕಥೆಯನ್ನು ಓದುತ್ತಾ, ಕೇಳುತ್ತಾ, ಹುಡುಕುತ್ತಾ ಬಂದಿದ್ದೇನೆ. ಹುಡುಕಿದಷ್ಟೂ ಆ ಕಥೆ ನನ್ನನ್ನು ನೀರಿನ ದಡಕ್ಕೇ ಕರೆದೊಯ್ದಿತು.

ಅಮೆರಿಕದಲ್ಲಿ ಮಕ್ಕಳ ಬೇಸಿಗೆ ಶಿಬಿರದ ಚರಿತ್ರೆ ಬರೆಯುವವರು 1881ರಲ್ಲಿ ಅರ್ನೆಸ್ಟ್ ಬಾಲ್ಚ್ ಎಂಬ ಯುವಕ ನ್ಯೂ ಹ್ಯಾಂಪ್‌ಶೈರಿನ ಸ್ಕ್ವಾಮ್ ಸರೋವರದ ದ್ವೀಪವೊಂದರಲ್ಲಿ ಶುರುಮಾಡಿದ ಚೊಕೊರುವಾ ಶಿಬಿರವನ್ನು ಮರೆಯದೆ ನೆನೆಯುತ್ತಾರೆ. ಉಳ್ಳವರ ಮಕ್ಕಳು ಬೇಸಿಗೆಯನ್ನು ಹೋಟೆಲುಗಳಲ್ಲಿ ಆಲಸ್ಯದಿಂದ ಕಳೆಯುವುದು ಅವನಿಗೆ ಹಿಡಿಸಲಿಲ್ಲ. ದ್ವೀಪದಲ್ಲಿ ಆಳುಕಾಳು ಇರಲಿಲ್ಲ. ಹುಡುಗರೇ ಅಡುಗೆ ಮಾಡಬೇಕು, ಪಾತ್ರೆ ತೊಳೆಯಬೇಕು, ದೋಣಿ ಹುಟ್ಟು ಹಾಕಬೇಕು. 1885ರಲ್ಲಿ ಸಮ್ನರ್ ಡಡ್ಲಿ ಎಂಬಾತ ವೈಎಂಸಿಎ ಪರವಾಗಿ ಏಳು ಹುಡುಗರನ್ನು ಕರೆದುಕೊಂಡು ನ್ಯೂಯಾರ್ಕ್ ರಾಜ್ಯದ ಆರೆಂಜ್ ಸರೋವರದ ದಡಕ್ಕೆ ಹೋದ. ಆ ಶಿಬಿರ ಮುಂದೆ ಶಾಂಪ್ಲೇನ್ ಸರೋವರದ ದಡಕ್ಕೆ ಹೋಗಿ ನೆಲೆಯೂರಿತು, ಇವತ್ತಿಗೂ ಅವನ ಹೆಸರಿನಲ್ಲೇ ನಡೆಯುತ್ತಿದೆ.

ಎಲ್ಲರೂ ನೀರಿನ ದಡವನ್ನೇ ಏಕೆ ಆರಿಸಿಕೊಂಡರು? ಕುಡಿಯಲು, ತೊಳೆಯಲು, ಬೇಯಿಸಲು ನೀರು ಬೇಕು ಎಂಬುದು ಮೊದಲ ಉತ್ತರ. ಆ ಉತ್ತರ ನನಗೆ ಸಾಲದು. ಮೈದಾನದಲ್ಲಿ ಮಗು ಒಂಟಿಯಾಗಿ ಓಡಬಹುದು, ನೀರಿಗೆ ಒಂಟಿಯಾಗಿ ಇಳಿಯುವಂತಿಲ್ಲ. ಒಳ್ಳೆಯ ಶಿಬಿರಗಳಲ್ಲಿ ಈಜಿಗೆ ಇಳಿಯುವ ಮೊದಲು ಮಕ್ಕಳನ್ನು ಜೋಡಿಜೋಡಿಯಾಗಿ ವಿಂಗಡಿಸುತ್ತಾರೆ. ದಡದಲ್ಲಿ ನಿಂತ ಗುರು ಆಗಾಗ ಸೀಟಿ ಊದುತ್ತಾರೆ. ಸೀಟಿ ಕೇಳಿದ ಕ್ಷಣ ಪ್ರತಿ ಮಗುವೂ ತನ್ನ ಜೊತೆಗಾರನ ಕೈ ಹಿಡಿದು ಮೇಲೆತ್ತಬೇಕು. ಎತ್ತಿದ ಕೈಗಳನ್ನು ಎಣಿಸಿದ ಮೇಲೆಯೇ ಆಟ ಮುಂದುವರಿಯುತ್ತದೆ. ಜೊತೆಗಾರ ಯಾರ ಮಗ, ಯಾವ ಜಾತಿ, ಅವನ ಮನೆಯಲ್ಲಿ ಕಾರಿದೆಯೋ ಇಲ್ಲವೋ ಎಂಬುದು ಆ ಹೊತ್ತಿಗೆ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಬ್ಬನ ಉಸಿರು ತನ್ನ ಕಾವಲಿನಲ್ಲಿದೆ ಎಂಬುದನ್ನು ಹತ್ತು ವರ್ಷದ ಮಗುವಿಗೆ ಪಾಠದ ಪುಸ್ತಕದಲ್ಲಿ ಕಲಿಸುವುದು ಕಷ್ಟ. ನೀರು ಅದನ್ನು ಒಂದೇ ಮಧ್ಯಾಹ್ನದಲ್ಲಿ ಕಲಿಸುತ್ತದೆ.

ನಮ್ಮೂರಿನ ಕಥೆಯೂ ಬಿಡಾರದಿಂದಲೇ ಶುರುವಾದದ್ದು. ಶ್ರೀರಂಗಪಟ್ಟಣದ ಜ್ವರದಿಂದ ಬೇಸತ್ತ ಬ್ರಿಟಿಷ್ ಸೈನ್ಯ 1809ರಲ್ಲಿ ಬೆಂಗಳೂರಿಗೆ ಬಂದು ದಂಡು ಪ್ರದೇಶವನ್ನು ಕಟ್ಟತೊಡಗಿತು. ಪೇಟೆಯಿಂದ ಆಚೆ, ಹಲಸೂರು ಕೆರೆಯ ಕಡೆಗೆ ಬಿಡಾರ ಹೂಡಲು ಅನುಕೂಲದ ಬಯಲಿತ್ತು, ಕೈಗೆ ಎಟುಕುವಷ್ಟು ದೂರದಲ್ಲಿ ನೀರಿತ್ತು. 1834ರಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆ ಬೆಂಗಳೂರನ್ನು ತನ್ನ ನೆಲೆ ಮಾಡಿಕೊಂಡಿತು. ಇಂದಿಗೂ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ದೋಣಿ ನಡೆಸುವುದನ್ನು, ನೀರು ದಾಟುವುದನ್ನು ಅಭ್ಯಾಸ ಮಾಡುವುದು ಹಲಸೂರು ಕೆರೆಯಲ್ಲೇ. ಹಲಸೂರಿನ ದಡದಲ್ಲಿ ಸಂಜೆ ನಡೆಯುವವರು ಕೆರೆಯ ಆ ಭಾಗದತ್ತ ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ. ನನಗೆ ಮಾತ್ರ ಅಲ್ಲಿ ನಿಂತಾಗಲೆಲ್ಲ ಒಂದು ವಿಚಾರ ಹೊಳೆಯುತ್ತದೆ. ಡೇರೆ ಹೊಡೆಯುವುದು, ಹಗ್ಗದ ಗಂಟು ಹಾಕುವುದು, ಬಿದಿರಿನಿಂದ ಸೇತುವೆ ಕಟ್ಟುವುದು, ಒಲೆಗೆ ಗುಂಡಿ ತೋಡುವುದು ಇವೆಲ್ಲ ಒಂದು ಕಾಲಕ್ಕೆ ಯುದ್ಧದ ವಿದ್ಯೆಗಳು. ಅವು ಮಕ್ಕಳ ಕೈಗೆ ಬಂದು ಆಟದ ವಿದ್ಯೆಗಳಾದವು. ಕತ್ತಿಯನ್ನು ಕುಡುಗೋಲು ಮಾಡಿದಷ್ಟೇ ದೊಡ್ಡ ಕೆಲಸ ಇದು ಎಂದು ನನ್ನ ನಂಬಿಕೆ.

ಆ ಕೆಲಸ ಮಾಡಿದವನೂ ಒಬ್ಬ ಸೈನಿಕನೇ. ಭಾರತದಲ್ಲೂ ಆಫ್ರಿಕಾದಲ್ಲೂ ಸೇವೆ ಮಾಡಿದ ರಾಬರ್ಟ್ ಬೇಡನ್ ಪೊವೆಲ್, ಬೋಯರ್ ಯುದ್ಧದ ಕಾಲದಲ್ಲಿ ಮಾಫೆಕಿಂಗ್ ಊರಿನ 217 ದಿನಗಳ ಮುತ್ತಿಗೆಯನ್ನು ತಡೆದುಕೊಂಡವನು. ಅಲ್ಲಿ ಸೈಕಲ್ಲಿನ ಮೇಲೆ ಓಲೆ ಒಯ್ಯುತ್ತಿದ್ದ ಹುಡುಗರ ಎದೆಗಾರಿಕೆಯನ್ನು ಅವನು ಮರೆಯಲಿಲ್ಲ. 1907ರ ಆಗಸ್ಟ್ 1ರಿಂದ 8ರವರೆಗೆ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರ ಶಿಬಿರ ನಡೆಸಿದ. ಆಫ್ರಿಕಾದ ಕುಡು ಜಿಂಕೆಯ ಕೊಂಬನ್ನು ಊದಿ ಬೆಳಿಗ್ಗೆ ಎಬ್ಬಿಸುತ್ತಿದ್ದ. ಅಲ್ಲಿಯೂ ಸುತ್ತ ನೀರು! ಈ ಶಿಬಿರದ ವಿಷಯ ಬಂದಾಗ ಜನ ಡೇರೆಯ, ಹಾಡಿನ, ಬೆಂಕಿಯ ಮಾತಾಡುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಹುಡುಗರ ಆಯ್ಕೆ. ಅರ್ಧದಷ್ಟು ಮಂದಿ ದೊಡ್ಡ ಮನೆತನಗಳ ಶಾಲೆಗಳವರು. ಉಳಿದವರು ಪೂಲ್ ಮತ್ತು ಬೋರ್ನ್‌ಮತ್ ಊರುಗಳ ದುಡಿಯುವ ಮನೆಯವರು. ತೋಳ, ಗೂಳಿ, ಕಾಗೆ, ಉದ್ದ ಕೊಕ್ಕಿನ ಕರ್ಲ್ಯೂ ಹಕ್ಕಿ ಎಂದು ಹೆಸರಿಟ್ಟ ನಾಲ್ಕು ಪಡೆಗಳಲ್ಲಿ ಅವರನ್ನು ಬೆರೆಸಿಯೇ ಕೂರಿಸಿದ. ವರ್ಗಭೇದ ಗೋಡೆ ಕಟ್ಟಿಕೊಂಡಿದ್ದ ಆ ದೇಶದಲ್ಲಿ ಪ್ರಯೋಗ ಎಂದರೆ ಅದೇ.

ಆ ಶಿಬಿರದಿಂದ ಹುಟ್ಟಿದ ಸ್ಕೌಟ್ ಚಳವಳಿಯ ಅಲೆ ಎರಡೇ ವರ್ಷದಲ್ಲಿ ನಮ್ಮ ದಂಡಿಗೆ ಬಡಿಯಿತು. 1909ರಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಬೆಂಗಳೂರಿನಲ್ಲಿ ಸ್ಕೌಟ್ ದಳ ಕಟ್ಟಿದರು. ಭಾರತದ ಸ್ಕೌಟ್ ಚರಿತ್ರೆ ಶುರುವಾಗುವುದು ಆ ವರ್ಷದಿಂದ, ಈ ಊರಿನಿಂದ. ದಂಡಿನ ಬಿಷಪ್ ಕಾಟನ್ ಬಾಲಕರ ಶಾಲೆಯ ಹೆಸರು ಆ ಚರಿತ್ರೆಯ ಮೊದಲ ಪುಟದಲ್ಲಿದೆ. ಇದು ನಮ್ಮ ಊರಿನ ಹೆಮ್ಮೆ. ಆದರೆ ಹೆಮ್ಮೆಯ ಜೊತೆಗೆ ಇನ್ನೊಂದನ್ನೂ ಹೇಳಬೇಕು. ಆರಂಭದಲ್ಲಿ ಆ ದಳಗಳ ಬಾಗಿಲು ತೆರೆದಿದ್ದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ಹಲಸೂರಿನ, ಶಿವಾಜಿನಗರದ ಸಂದಿಗಳಲ್ಲಿ ಬೆಳೆದ ಹುಡುಗ ಬೇಲಿಯ ಆಚೆ ನಿಂತು ನೋಡಬೇಕಿತ್ತು. ಡೇರೆ ಹೊಡೆದವರು ಯಾರು ಎಂಬುದಕ್ಕಿಂತ ಡೇರೆಯೊಳಗೆ ಯಾರನ್ನು ಕರೆದರು ಎಂಬುದೇ ಶಿಬಿರದ ನಿಜವಾದ ಚರಿತ್ರೆ.

ಬೇಲಿ ಹಾಗೆಯೇ ನಿಲ್ಲಲಿಲ್ಲ. ಮದ್ರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಭಾರತೀಯ ಮಕ್ಕಳಿಗಾಗಿಯೇ ಸ್ಕೌಟ್ ಸಂಘ ಕಟ್ಟಿದರು. ತಲೆಗೆ ಪೇಟ ಬಂತು, ಬಾಯಿಗೆ ನಮ್ಮ ಹಾಡು ಬಂತು. ಉತ್ತರದಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು ಅದೇ ಕೆಲಸಕ್ಕೆ ಕೈ ಹಾಕಿದ್ದರು. ಸ್ವಾತಂತ್ರ್ಯ ಬಂದ ಮೇಲೆ 1950ರ ನವೆಂಬರ್ 7ರಂದು ಬೇರೆ ಬೇರೆ ಸಂಘಗಳು ಸೇರಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಮರುವರ್ಷ ಆಗಸ್ಟ್ 15ರಂದು ಹುಡುಗಿಯರ ಗೈಡ್ ಸಂಘವೂ ಬಂದು ಕೂಡಿಕೊಂಡಿತು. ಇಂದು ದೊಡ್ಡಬಳ್ಳಾಪುರದಲ್ಲಿರುವ ರಾಜ್ಯ ತರಬೇತಿ ಕೇಂದ್ರಕ್ಕೆ ಆನಿ ಬೆಸೆಂಟರ ಹೆಸರಿರುವುದು ಈ ಋಣದಿಂದಲೇ.

ಕರ್ನಾಟಕದಲ್ಲಿ ಕೆರೆ ದಡದ ಶಿಬಿರ ಎಂದರೆ ಹಳೆಯ ಸ್ಕೌಟುಗಳ ಬಾಯಲ್ಲಿ ಮೊದಲು ಬರುವ ಹೆಸರು ಕೊಂಡಜ್ಜಿ. ಹರಿಹರ ತಾಲ್ಲೂಕಿನ ಈ ಹಳ್ಳಿ ದಾವಣಗೆರೆಗೆ ಹತ್ತಿರ. ಒಂದು ಕಡೆ ಗುಡ್ಡ, ಕುರುಚಲು ಕಾಡು, ಅದರ ಮಡಿಲಲ್ಲಿ ಕೆರೆ. ಈ ಊರಿನವರಾದ ಕೊಂಡಜ್ಜಿ ಬಸಪ್ಪನವರು 1971ರಲ್ಲಿ ಚಿತ್ರದುರ್ಗದಿಂದ, 1977ರಲ್ಲಿ ದಾವಣಗೆರೆಯಿಂದ ಲೋಕಸಭೆಗೆ ಆಯ್ಕೆಯಾದವರು, ಸ್ಕೌಟ್ ಚಳವಳಿಯ ನಾಯಕರು. ಆ ಕೆರೆಯ ದಡ ಸ್ಕೌಟ್ ಗೈಡ್ ಶಿಬಿರಗಳ ತಾಣವಾಗಿ ಬೆಳೆದದ್ದು ಅವರ ಕಾಳಜಿಯಿಂದ. ಕಬ್, ಬುಲ್‌ಬುಲ್, ರೋವರ್, ರೇಂಜರ್ ಎಂದು ಎಲ್ಲ ವಯಸ್ಸಿನ ಮಕ್ಕಳೂ ಅಲ್ಲಿ ಬಂದು ಉಳಿದಿದ್ದಾರೆ. ಬಯಲುಸೀಮೆಯ ಬಿಸಿಲಿನಲ್ಲಿ ಬೆಳೆದ ಮಗುವಿಗೆ ತುಂಬಿದ ಕೆರೆಯ ಎದುರು ಕಣ್ಣು ಬಿಡುವುದು, ಧ್ವಜವಂದನೆಗೆ ಸಾಲು ನಿಲ್ಲುವುದು, ರಾತ್ರಿ ಶಿಬಿರಾಗ್ನಿಯ ಸುತ್ತ ಕೂತು ತನ್ನ ಊರಿನ ಹಾಡು ಹೇಳುವುದು ಎಂದರೆ ಏನು ಎಂದು ನಾವು ಅಳೆಯಬೇಕು. ಮುಂದೆ ಬದುಕಿನಲ್ಲಿ ಎಷ್ಟು ಊರು ನೋಡಿದರೂ ಮೊದಲ ಸಲ ಮನೆಯಿಂದ ಹೊರಗೆ ಮಲಗಿದ ಆ ದಡವನ್ನು ಅವರು ಮರೆಯುವುದಿಲ್ಲ. ನನಗೆ ಗೊತ್ತಿರುವ ಹಳೆಯ ಸ್ಕೌಟುಗಳೆಲ್ಲ, ಈಗ ಮೊಮ್ಮಕ್ಕಳಿರುವವರೂ, ಶಿಬಿರದ ಮಾತು ಬಂದರೆ ನೆಟ್ಟಗೆ ಕೂರುತ್ತಾರೆ.

ಸ್ಕೌಟಿನ ಜೊತೆಜೊತೆಗೇ ಕನ್ನಡ ನಾಡಿನಲ್ಲಿ ಇನ್ನೊಂದು ಹೊಳೆಯೂ ಹರಿದು ಬಂತು. ಹುಬ್ಬಳ್ಳಿಯ ಡಾ. ಎನ್.ಎಸ್. ಹರ್ಡೀಕರ್ 1923ರಲ್ಲಿ ಹಿಂದೂಸ್ತಾನಿ ಸೇವಾದಳಕ್ಕೆ ಅಡಿಪಾಯ ಹಾಕಿದರು. ಮರುವರ್ಷ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಶಿಸ್ತು, ಸ್ವಚ್ಛತೆಯ ಹೊರೆ ಹೊತ್ತದ್ದು ಅವರ ಸ್ವಯಂಸೇವಕರು. ಅಷ್ಟು ಜನ ಬಿಡಾರ ಹೂಡಬೇಕಾದರೆ ನೀರು ಎಲ್ಲಿಂದ? ಅದಕ್ಕಾಗಿಯೇ ಬಾವಿ ತೋಡಿ ಪಂಪಾ ಸರೋವರ ಎಂದು ಹೆಸರಿಟ್ಟರು. ಆ ಬಾವಿ ಇಂದೂ ಬೆಳಗಾವಿಯಲ್ಲಿದೆ. ಕೆರೆ ಇಲ್ಲದ ಕಡೆ ಶಿಬಿರವೇ ನೀರನ್ನು ಮಾಡಿಕೊಂಡ ಕಥೆ ಇದು.

ಹರ್ಡೀಕರರ ಗರಡಿಯಲ್ಲಿ ಬೆಳೆದ ಬೆಂಗಳೂರಿನ ಹುಡುಗನೊಬ್ಬನನ್ನು ಇಲ್ಲಿ ನೆನೆಯದೆ ನನಗೆ ಮುಂದೆ ಹೋಗಲು ಮನಸ್ಸಿಲ್ಲ. ಎಸ್.ಎನ್. ಸುಬ್ಬರಾವ್ 1929ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ಹುಟ್ಟಿದರು. 1942ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಗೋಡೆಯ ಮೇಲೆ ಭಾರತ ಬಿಟ್ಟು ತೊಲಗಿ ಎಂದು ಬರೆದದ್ದಕ್ಕೆ ಪೊಲೀಸರು ಹಿಡಿದರು. ದೊಡ್ಡವರಾದ ಮೇಲೆ ಬದುಕಿಡೀ ಯುವಜನರ ಶಿಬಿರಗಳನ್ನೇ ನಡೆಸಿದರು. ಖಾದಿ ಅಂಗಿ, ಅರ್ಧ ಚಡ್ಡಿ, ಹೆಗಲಿಗೊಂದು ಚೀಲ. ದೇಶಕ್ಕೆಲ್ಲ ಅವರು ಭಾಯೀಜಿ. ಡಕಾಯಿತರ ಭಯದಲ್ಲಿದ್ದ ಚಂಬಲ್ ಕಣಿವೆಯಲ್ಲಿ ಶಿಬಿರ ಹೂಡಿದರು. ಅವರು ಕಟ್ಟಿದ ಜೌರಾದ ಆಶ್ರಮದಲ್ಲೇ 1972ರ ಏಪ್ರಿಲಿನಲ್ಲಿ ಜಯಪ್ರಕಾಶ ನಾರಾಯಣರ ಎದುರು ಡಕಾಯಿತರು ಬಂದೂಕು ಕೆಳಗಿಟ್ಟರು. ಅವರ ಶಿಬಿರಗಳಲ್ಲಿ ಬೆಳಗಿನ ಹೊತ್ತು ಶ್ರಮದಾನ, ಸಂಜೆ ಹಾಡು. ಒಂದು ರಾಜ್ಯದವರು ಇನ್ನೊಂದು ರಾಜ್ಯದವರ ಭಾಷೆಯಲ್ಲಿ ಹಾಡಬೇಕು. 2021ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ನಮ್ಮ ಊರಿನಲ್ಲಿ ಎಷ್ಟು ಮಂದಿಗೆ ಅವರು ಬೆಂಗಳೂರಿನವರು ಎಂದು ನೆನಪಿತ್ತೋ! ಶಿಬಿರ ಎಂಬುದು ಹೊತ್ತು ಕಳೆಯುವ ಉಪಾಯವಲ್ಲ, ದ್ವೇಷ ಕರಗಿಸುವ ಉಪಾಯ ಎಂದು ತೋರಿಸಿಕೊಟ್ಟವರು ಅವರು. ಅವರ ಹೆಸರನ್ನು ನಮ್ಮ ಶಾಲೆಗಳ ಮಕ್ಕಳಿಗೆ ಹೇಳಿಕೊಡಬೇಕು.

ನೀರಿನ ವಿಷಯಕ್ಕೆ ಮರಳುತ್ತೇನೆ. ಸಾಗರ ತಾಲ್ಲೂಕಿನ ಹೊನ್ನೇಮರಡು ಇಂದಿನ ತರುಣ ತರುಣಿಯರಿಗೆ ಗೊತ್ತಿರುವ ಹೆಸರು. ತಾಳಗುಪ್ಪದ ಹತ್ತಿರ, ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ ಎಸ್.ಎಲ್.ಎನ್. ಸ್ವಾಮಿ ಮತ್ತು ನೊಮಿತೋ ಕಾಮ್ದಾರ್ ಬಹಳ ವರ್ಷಗಳಿಂದ ಜಲಸಾಹಸ ಶಿಬಿರ ನಡೆಸಿಕೊಂಡು ಬಂದಿದ್ದಾರೆ. ಹರಿಗೋಲು ನಡೆಸುವುದು, ಕಯಾಕಿನಲ್ಲಿ ಕೂತು ಹುಟ್ಟು ಹಾಕುವುದು, ನಡುಗಡ್ಡೆಯಲ್ಲಿ ರಾತ್ರಿ ಕಳೆಯುವುದು, ತಂದ ಕಸವನ್ನು ಹಿಂದಕ್ಕೆ ಒಯ್ಯುವುದು. ಹರಿಗೋಲಿಗೆ ಮುಂದು ಹಿಂದು ಇಲ್ಲ. ಹುಟ್ಟು ಹಾಕುವ ಇಬ್ಬರಲ್ಲಿ ಹೊಂದಾಣಿಕೆ ಇರದಿದ್ದರೆ ಅದು ನಿಂತಲ್ಲೇ ಸುತ್ತುತ್ತದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಲಯ ಹಿಡಿದು ಎಳೆದಾಗ ಮಾತ್ರ ದಡ ಹತ್ತಿರವಾಗುತ್ತದೆ.

ಆ ನೀರಿನ ಅಡಿಯಲ್ಲಿ ಊರುಗಳಿವೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಹಳ್ಳಿಗಳು, ಅಡಿಕೆ ತೋಟಗಳು, ಗದ್ದೆಗಳು ಮುಳುಗಿದವು. ನಾಡಿಗೆ ಬೆಳಕು ಕೊಡಲು ಆ ಜನ ಮನೆ ಬಿಟ್ಟು ಎದ್ದು ಹೋದರು. ನಾ. ಡಿಸೋಜ ಆ ನೋವನ್ನು ಕಾದಂಬರಿಗಳಲ್ಲಿ ಬರೆದರು. ನೀರು ತೀರ ಇಳಿದ ಬೇಸಿಗೆಯಲ್ಲಿ ಅದಕ್ಕೂ ಹಿಂದಿನ ಮಡೆನೂರು ಅಣೆಕಟ್ಟು ಕೆಸರಿನಿಂದ ಮೇಲೆದ್ದು ಕಾಣುತ್ತದೆ. ಹೊನ್ನೇಮರಡಿನ ದಡದಲ್ಲಿ ನಿಂತ ಬೆಂಗಳೂರಿನ ಮಗುವಿಗೆ ಇದನ್ನೂ ಹೇಳಬೇಕು. ನಮ್ಮ ಮನೆಯ ದೀಪದ ಹಿಂದೆ ಯಾರದೋ ಮನೆಯಿತ್ತು ಎಂದು ತಿಳಿದ ಮಗು ಸ್ವಿಚ್ಚು ಒತ್ತುವ ಬಗೆಯೇ ಬೇರೆಯಾಗುತ್ತದೆ.

ಆದರೆ ಕೊಂಡಜ್ಜಿ ದೂರ, ಹೊನ್ನೇಮರಡು ಇನ್ನೂ ದೂರ. ಟಿನ್ ಫ್ಯಾಕ್ಟರಿಯಲ್ಲಿ ನಿಂತ ಆ ಮೂರನೆಯ ಮಗುವಿಗೆ ಹತ್ತಿರದಲ್ಲಿ ಏನಿದೆ? ಇಲ್ಲಿಂದ ಯಾವ ದಿಕ್ಕಿಗೆ ಹೋದರೂ ಕೆರೆ ಸಿಗುತ್ತದೆ. ಬೆನ್ನಿಗಾನಹಳ್ಳಿಯದು ಪಕ್ಕದಲ್ಲೇ. ಕಗ್ಗದಾಸಪುರದ ಕೆರೆ, ಕೆ.ಆರ್. ಪುರದ ವೆಂಗಯ್ಯನ ಕೆರೆ, ಹೊಸಕೋಟೆ ದಾರಿಯಲ್ಲಿ ಎಲೆಮಲ್ಲಪ್ಪ ಶೆಟ್ಟಿ ಕೆರೆ. ವೀಳ್ಯದೆಲೆ ವ್ಯಾಪಾರ ಮಾಡಿ ಗಳಿಸಿದ್ದನ್ನು ಮಲ್ಲಪ್ಪ ಶೆಟ್ಟರು ಈ ಕೆರೆಗೆ ಸುರಿದರು. ಒಬ್ಬ ವ್ಯಾಪಾರಿ ತನ್ನ ಹೆಸರು ಉಳಿಯಲಿ ಎಂದು ಬಯಸಿ ಕೆರೆ ಕಟ್ಟಿಸುವ ಕಾಲವೊಂದಿತ್ತು ಎಂಬುದೇ ಮಕ್ಕಳಿಗೆ ಹೇಳಬಹುದಾದ ಒಳ್ಳೆಯ ಕಥೆ.

ಆಮೇಲೆ ಬಂದ ಕಾಲ ಕೆರೆಗಳ ಮೇಲೆಯೇ ಊರು ಕಟ್ಟಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು. ಆಟದ ಅಂಗಳಗಳಾದ ಕೆರೆಗಳ ಸಾಲು ನನ್ನನ್ನು ಹೆಚ್ಚು ಕಾಡುತ್ತದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಶೂಲೆ ಕೆರೆ ಫುಟ್‌ಬಾಲ್ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣ, ಚಳ್ಳಘಟ್ಟದ ಕೆರೆ ಗಾಲ್ಫ್ ಮೈದಾನವಾದವು. ಕೋರಮಂಗಲದ ಕೆರೆಯಂಗಳದಲ್ಲಿ ಕ್ರೀಡಾಪಟುಗಳಿಗಾಗಿ ರಾಷ್ಟ್ರೀಯ ಕ್ರೀಡಾಗ್ರಾಮ ಎದ್ದಿತು. ಆಟ ಬೇಕು, ಕ್ರೀಡಾಂಗಣವೂ ಬೇಕು. ಆದರೆ ಕೆರೆಯಂಗಳದಲ್ಲಿ ಟಿಕೆಟ್ಟಿಲ್ಲದೆ ಆಡುತ್ತಿದ್ದ ಮಕ್ಕಳಿಗೆ ಈ ಬದಲಾವಣೆಯಲ್ಲಿ ದಕ್ಕಿದ್ದು ಗೇಟಿನ ಹೊರಗಿನ ಜಾಗ. 1985ರಲ್ಲಿ ಸರ್ಕಾರ ಎನ್. ಲಕ್ಷ್ಮಣರಾವ್ ಅವರ ಸಮಿತಿ ನೇಮಿಸಿತು, ಉಳಿದ ಕೆರೆಗಳನ್ನು ಉಳಿಸಿಕೊಳ್ಳಬೇಕೆಂದು ಸಮಿತಿ ಹೇಳಿತು. ಹೇಳಿಕೆ ಉಳಿದಷ್ಟು ಚೆನ್ನಾಗಿ ಕೆರೆಗಳು ಉಳಿಯಲಿಲ್ಲ.

ಬೆನ್ನಿಗಾನಹಳ್ಳಿ ಕೆರೆಯ ದಡದಲ್ಲಿ ಸಂಜೆ ನಡೆಯಲು ಬರುವ ಹಿರಿಯರೊಬ್ಬರಿದ್ದಾರೆ. ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಹುಟ್ಟಿದ್ದು ಹೊಸಕೋಟೆ ಕಡೆಯ ಹಳ್ಳಿಯಲ್ಲಿ. ಒಂದು ದಿನ ನೀರಿನ ಕಡೆ ನೋಡುತ್ತಾ ಅವರೇ ಮಾತು ತೆಗೆದರು.

“ನಮ್ಮ ಕಾಲದಲ್ಲಿ ಸಮ್ಮರ್ ಕ್ಯಾಂಪು ಅಂತ ಬೋರ್ಡ್ ಇರ್ಲಿಲ್ಲಮ್ಮ. ರಜಾ ಬಂದ್ರೆ ಬಾವಿ, ಬಾವಿ ಬಿಟ್ರೆ ಕೆರೆ.”

“ಈಜು ಯಾರು ಕಲಿಸಿದ್ರು ಸಾರ್?”

“ನಮ್ಮಣ್ಣ. ಖಾಲಿ ಎಣ್ಣೆ ಡಬ್ಬಕ್ಕೆ ಬೆಸುಗೆ ಹಾಕ್ಸಿ, ಹಗ್ಗ ಕಟ್ಟಿ ಬೆನ್ನಿಗೆ ಬಿಗೀತಿದ್ದ. ಡಬ್ಬ ನಮ್ಮನ್ನ ಮುಳುಗೋಕೆ ಬಿಡ್ತಿರ್ಲಿಲ್ಲ. ಧೈರ್ಯ ಬಂದ್ಮೇಲೆ ಡಬ್ಬ ಬಿಚ್ಚಿ, ಹೊಟ್ಟೆ ಕೆಳಗೆ ಕೈ ಕೊಡೋನು. ಆಮೇಲೆ ಕೈಯೂ ತೆಗೆಯೋನು, ಹೇಳ್ತಾನೇ ಇರ್ಲಿಲ್ಲ.”

“ನಿಮ್ಮ ಮೊಮ್ಮಕ್ಕಳಿಗೆ ಈಜು ಬರುತ್ತಾ?”

“ಬರುತ್ತೆ. ದುಡ್ಡು ಕಟ್ಟಿ ಪೂಲಲ್ಲಿ ಕಲಿತ್ರು. ಈಜು ಬರುತ್ತಮ್ಮ, ಕೆರೆ ಗೊತ್ತಿಲ್ಲ. ತೂಬು ಯಾವ್ದು, ಕೋಡಿ ಯಾವ್ದು ಅಂದ್ರೆ ನಗ್ತಾರೆ.”

ಅವರ ಕೊನೆಯ ಮಾತು ನನ್ನೊಳಗೆ ಕೂತಿದೆ. ಅಂದಿನಿಂದ ನಾನು ಬೇಸಿಗೆ ಶಿಬಿರದ ಕರಪತ್ರಗಳನ್ನು ಬೇರೆ ಕಣ್ಣಿನಿಂದ ಓದುತ್ತೇನೆ. ಅಬಾಕಸ್, ರೋಬೋಟ್, ಕೀಬೋರ್ಡು, ಬೆಂಕಿಯಿಲ್ಲದ ಅಡುಗೆ. ಕಲಿಸುವವರ ಶ್ರಮದ ಬಗ್ಗೆ ನನಗೆ ಗೌರವವಿದೆ. ದುಡಿಯಲು ಹೋಗುವ ತಂದೆತಾಯಿಗೆ ಮಕ್ಕಳನ್ನು ಸುರಕ್ಷಿತವಾಗಿ ಬಿಡುವ ಜಾಗ ಬೇಕು ಎಂಬುದೂ ಗೊತ್ತು. ಆದರೆ ಒಂದೇ ಅಪಾರ್ಟ್‌ಮೆಂಟಿನ, ಒಂದೇ ಶುಲ್ಕ ಕಟ್ಟಬಲ್ಲ ಮನೆಗಳ ಮಕ್ಕಳು ಕೋಣೆಯೊಳಗೆ ಸೇರಿದರೆ ಅವರು ಕಾಣುವುದು ತಮ್ಮದೇ ಮುಖಗಳನ್ನು. 1907ರ ದ್ವೀಪದಲ್ಲಿ ನಡೆದ ಬೆರೆಸುವ ಕೆಲಸ ಅಲ್ಲಿ ನಡೆಯುವುದಿಲ್ಲ.

ನಮ್ಮ ನಾಡಿನಲ್ಲೇ ಬೇರೆ ಮಾದರಿಗಳಿವೆ. ಆರ್. ಕಲ್ಯಾಣಮ್ಮ 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನ ಬೆಳೆಸಿದರು. ಮೈಸೂರಿನ ರಂಗಾಯಣದ ಚಿನ್ನರ ಮೇಳದಲ್ಲಿ ಬೇಸಿಗೆ ಬಂದರೆ ಮಕ್ಕಳು ಮುಖಕ್ಕೆ ಬಣ್ಣ ಹಚ್ಚಿಕೊಂಡು ಬೇರೊಬ್ಬರಾಗುತ್ತಾರೆ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಈಗ ಹಳ್ಳಿಯ ಮಕ್ಕಳಿಗೆ ಬೇಸಿಗೆ ಶಿಬಿರಗಳು ನಡೆಯುತ್ತಿವೆ. ಹಳ್ಳಿಗೆ ಸಾಧ್ಯವಾದದ್ದು ನಗರದ ವಾರ್ಡಿಗೆ ಏಕೆ ಸಾಧ್ಯವಾಗಬಾರದು? ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಸುತ್ತಲಿನ ಜನ ಮುಂದೆ ನಿಂತು ಬದುಕಿಸಿಕೊಂಡರು. ಅದರ ಅಂಚಿನಲ್ಲೇ ಸರ್ಕಾರಿ ಶಾಲೆಯಿದೆ. ದಡದಲ್ಲಿ ಕೆರೆ ಹಬ್ಬಗಳು ನಡೆದಿವೆ, ಮಕ್ಕಳು ಕೂತು ಹಾಡಿದ್ದಾರೆ, ಚಿತ್ರ ಬಿಡಿಸಿದ್ದಾರೆ. ದಾರಿ ಇದೆ ಎಂದು ತೋರಿಸಲು ಇಷ್ಟು ಸಾಕು.

ಬೆನ್ನಿಗಾನಹಳ್ಳಿಯ ಏರಿಯ ಮೇಲೆ ಹತ್ತು ದಿನಗಳ ಶಿಬಿರ ನಡೆದರೆ ಹೇಗಿರುತ್ತದೆ ಎಂದು ನಾನು ಮನಸ್ಸಿನಲ್ಲಿ ಎಷ್ಟೋ ಸಲ ಕಟ್ಟಿದ್ದೇನೆ. ಅರ್ಧ ಮಕ್ಕಳು ಸರ್ಕಾರಿ ಶಾಲೆಯವರು, ಅರ್ಧ ಸುತ್ತಲಿನ ಅಪಾರ್ಟ್‌ಮೆಂಟಿನವರು, ಪ್ರತಿ ತಂಡದಲ್ಲೂ ಇಬ್ಬರೂ ಬೆರೆತಿರಬೇಕು. ಚರಂಡಿಯ ನೀರು ಸೇರುವ ಕೆರೆಗೆ ಮಕ್ಕಳನ್ನು ಇಳಿಸುವ ಮಾತೇ ಇಲ್ಲ. ದಡದ ಮೇಲಿನ ಕಲಿಕೆಯೇ ಬೇಕಾದಷ್ಟಿದೆ. ಮೊದಲ ದಿನ ರಾಜಕಾಲುವೆಯ ಜಾಡು ಹಿಡಿದು ನಡೆಯಬೇಕು. ನೀರು ಎಲ್ಲಿಂದ ಬರುತ್ತದೆ, ದಾರಿಯಲ್ಲಿ ಯಾರು ಏನು ಸುರಿಯುತ್ತಾರೆ ಎಂದು ನಕ್ಷೆ ಬರೆಯಬೇಕು. ತೂಬು, ಕೋಡಿ, ಏರಿ ಹುಡುಕಬೇಕು. ಹಿಂದೆ ನೀರಗಂಟಿ ಎಂಬ ಒಬ್ಬ ಮನುಷ್ಯ ಪ್ರತಿ ಗದ್ದೆಗೂ ಅದರ ಪಾಲಿನ ನೀರು ಬಿಡುತ್ತಿದ್ದನೆಂದು, ಜಗಳವಾಗದಂತೆ ಹಂಚುವುದೇ ಅವನ ವಿದ್ಯೆಯಾಗಿತ್ತೆಂದು ಹೇಳಬೇಕು. ಬೆಳಿಗ್ಗೆ ಗುಳುಮುಳುಕ, ನೀರುಕಾಗೆ, ಮಿಂಚುಳ್ಳಿ, ನೇರಳೆ ಜಂಬುಕೋಳಿಗಳ ಲೆಕ್ಕ ಬರೆಯಬೇಕು. ಮಧ್ಯಾಹ್ನ ಪಾಳಿಯ ಮೇಲೆ ಅಡುಗೆ. ಮುದ್ದೆ ಕಟ್ಟಲು ಬರುವ ಮಗು ಬಾರದ ಮಗುವಿಗೆ ಕಲಿಸಲಿ, ಇಂಗ್ಲಿಷ್ ಓದಲು ಬರುವ ಮಗು ಹಕ್ಕಿಯ ಪುಸ್ತಕವನ್ನು ಎಲ್ಲರಿಗೂ ಓದಿ ಹೇಳಲಿ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಲಿ. ಕತ್ತಲಾದ ಮೇಲೆ, ಊರಿನ ದೀಪಗಳ ನಡುವೆಯೂ ಉತ್ತರಕ್ಕೆ ಸಪ್ತರ್ಷಿಗಳನ್ನು, ಅವುಗಳ ಬಾಲದ ವಕ್ರ ಹಿಡಿದು ಸ್ವಾತಿಯನ್ನು, ಮುಂದೆ ಚಿತ್ತೆಯನ್ನು ಹುಡುಕಬಹುದು. ಏಪ್ರಿಲ್ ಮೇ ತಿಂಗಳ ಇರುಳು ಅದಕ್ಕೆ ತಕ್ಕದ್ದು.

ಇದಕ್ಕೆ ದೊಡ್ಡ ಹಣ ಬೇಡ. ಮುಖ್ಯೋಪಾಧ್ಯಾಯರ ಒಪ್ಪಿಗೆ, ಕೆರೆಯ ಗೇಟಿನ ಬೀಗ ತೆಗೆಯಲು ಪಾಲಿಕೆಯ ಒಪ್ಪಿಗೆ, ಒಬ್ಬ ದಾದಿ, ಇಬ್ಬರು ಹಳೆಯ ಸ್ಕೌಟ್ ಗುರುಗಳು, ಊರಿನ ನಾಲ್ಕು ಹಿರಿಯರು, ಪಾತ್ರೆ ಪಡಗ ಸಾಕು. ತಮ್ಮ ಮಗುವನ್ನು ಬೇರೆ ಮನೆಗಳ ಮಕ್ಕಳ ಜೊತೆ ಬಿಡಲು ತಂದೆತಾಯಿಗಳು ಮನಸ್ಸು ಮಾಡಬೇಕು. ಎಲ್ಲಕ್ಕಿಂತ ಕಷ್ಟದ ಒಪ್ಪಿಗೆ ಅದೇ ಎಂದು ನನಗೆ ಗೊತ್ತು, ಎಲ್ಲಕ್ಕಿಂತ ಬೆಲೆಯುಳ್ಳದ್ದೂ ಅದೇ.

ಕೆರೆ ಕಟ್ಟಿಸುವುದನ್ನು ನಮ್ಮ ಹಿರಿಯರು ಪುಣ್ಯ ಎಂದುಕೊಂಡಿದ್ದರು. ಈಗ ಹೊಸ ಕೆರೆ ಕಟ್ಟಲು ಈ ಊರಿನಲ್ಲಿ ನೆಲವಿಲ್ಲ. ಇರುವುದನ್ನು ಬಲ್ಲ, ಅದರ ಮೇಲೆ ಹಕ್ಕು ಹೇಳುವ ಒಂದು ಪೀಳಿಗೆಯನ್ನು ಬೆಳೆಸುವುದಷ್ಟೇ ನಮಗೆ ಉಳಿದಿರುವ ಪುಣ್ಯ. ದಡದ ಮೇಲೆ ಹತ್ತು ದಿನ ಉಂಡು ಮಲಗಿದ ಮಗು ದೊಡ್ಡದಾದ ಮೇಲೆ ಆ ಕೆರೆಗೆ ಮಣ್ಣು ತುಂಬಲು ಯಾರಿಗೂ ಸುಲಭಕ್ಕೆ ಬಿಡುವುದಿಲ್ಲ. ತನ್ನ ಪಕ್ಕದಲ್ಲಿ ಮಲಗಿದ ಇನ್ನೊಂದು ಮನೆಯ ಮಗುವನ್ನೂ ಅಷ್ಟು ಸುಲಭಕ್ಕೆ ಕೈಬಿಡುವುದಿಲ್ಲ. ಮುಂದಿನ ಏಪ್ರಿಲ್ ಬರುವ ಮೊದಲು ನಿಮ್ಮ ಮನೆಗೆ ಹತ್ತಿರದ ಕೆರೆಯ ಹೆಸರು ಕೇಳಿ ತಿಳಿದುಕೊಳ್ಳಿ, ಅದರ ಪಕ್ಕದ ಸರ್ಕಾರಿ ಶಾಲೆಗೆ ಹೋಗಿ ಗುರುಗಳನ್ನು ಮಾತಾಡಿಸಿ. ಉಳಿದದ್ದನ್ನು ಮಕ್ಕಳು ನೋಡಿಕೊಳ್ಳುತ್ತಾರೆ.